ಏರ್‌ಗನ್ನಿನ ಮರ್ಯಾದೆ ಪ್ರಶ್ನೆ

ಅರವತ್ತು ದಾಟಿದ ಗಂಡಸಿಗೆ ತನ್ನನ್ನು ಕಂಡರೆ ಯಾರಾದರೂ ಒಬ್ಬರು ಹೆದರಬೇಕು ಎಂಬ ಆಸೆ ಹುಟ್ಟುತ್ತದೆ. ಕಚೇರಿಯಲ್ಲಿದ್ದಾಗ ಈ ಆಸೆ ಅಷ್ಟಾಗಿ ಕಾಡುವುದಿಲ್ಲ. ನಾನು ತಾಲ್ಲೂಕು ಕಚೇರಿಯ ಗುಮಾಸ್ತನಾಗಿದ್ದ ಕಾಲದಲ್ಲಿ, ‘ನಾಳೆ ಬನ್ನಿ’ ಎಂಬ ಎರಡೇ ಶಬ್ದಕ್ಕೆ ಗಟ್ಟಿ ಗಟ್ಟಿ ಆಳುಗಳು ಬೆವರುತ್ತಿದ್ದರು. ನಿವೃತ್ತನಾದ ಮೇಲೆ ಅದೇ ಎರಡು ಶಬ್ದವನ್ನು ಗ್ಯಾಸ್ ಸಿಲಿಂಡರಿನವನು ನನಗೆ ಹೇಳುತ್ತಾನೆ. ಹಾಗಾಗಿ ನಾನೊಂದು ಏರ್‌ಗನ್ ಕೊಂಡೆ. ಮನೆಯಲ್ಲಿ ಕೊಟ್ಟ ಕಾರಣ ಮಂಗ.

ಮಂಗನ ಕಾರಣವೂ ಸುಳ್ಳಲ್ಲ. ನಿಲ್ಕುಂದದಲ್ಲಿ ನಮ್ಮ ಹಿತ್ತಿಲಿನ ಬೇಲಿ ದಾಟಿದರೆ ಕಾಡು. ಹಿತ್ತಿಲಿನಲ್ಲಿ, ಮಕ್ಕಳಿಗಿಂತ ಹೆಚ್ಚು ಮುತುವರ್ಜಿಯಿಂದ ನನ್ನ ಹೆಂಡತಿ ಬೆಳೆಸಿದ ಐದು ಬಾಳೆಗೊನೆ. ಏರ್‌ಗನ್ನನ್ನು ನಾನು ಮಂಗನ ಮೇಲೆ ಹಾರಿಸಿದವನಲ್ಲ. ಅದು ಕಾನೂನಿಗೂ ಒಪ್ಪದು, ಮಾರುತಿಗೂ ಒಪ್ಪದು. ಅದರ ಸ್ಪ್ರಿಂಗ್ ಸಡಿಲಾಗಿ ಹಾರಿಸಿದ ಗುಂಡು ನನ್ನ ಹೆಜ್ಜೆಯ ಮುಂದೆಯೇ ಬೀಳುತ್ತದೆ ಎಂಬುದು ಮೂರನೆಯ ಕಾರಣ. ಅದನ್ನು ಹೊರಗೆ ಹೇಳುವುದಿಲ್ಲ. ಆದರೂ ಅದನ್ನು ಹೆಗಲಿಗೇರಿಸಿ ಹಿತ್ತಿಲಲ್ಲಿ ನಿಂತರೆ ಮಂಗಗಳು ಓಡುತ್ತಿದ್ದವು. ಅವುಗಳಿಗೆ ಗುಂಡಿನ ಶಕ್ತಿ ಅಳೆಯುವ ಜೌಲು, ಕೊಳವೆ ಅಳೆಯುವ ಕ್ಯಾಲಿಬರ್ ಮುಂತಾದ ಶಾಸ್ತ್ರ ತಿಳಿಯದು.

ಶಾಸ್ತ್ರ ತಿಳಿದವನು ಪಕ್ಕದ ಮನೆಯ ಮಾಬ್ಲಣ್ಣ. ಅವನ ಬಳಿ ಬೆಳೆ ರಕ್ಷಣೆಗೆಂದು ಲೈಸನ್ಸ್ ಪಡೆದ ನಿಜವಾದ ಕೋವಿಯಿದೆ. ಚುನಾವಣೆ ಬಂತೆಂದರೆ ನಮ್ಮ ಕಡೆ ಲೈಸನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕು. ಉಳಿದವರಿಗೆ ಇದು ಕಿರಿಕಿರಿ. ಮಾಬ್ಲಣ್ಣನಿಗೆ ಉಪನಯನದ ಸಂಭ್ರಮ. ಇಸ್ತ್ರಿ ಅಂಗಿ ತೊಟ್ಟು, ಕೋವಿ ಹೆಗಲಿಗೇರಿಸಿ, ಬಸ್ ನಿಲ್ದಾಣದಲ್ಲಿ ಬೇಕೆಂದೇ ಅರ್ಧ ಗಂಟೆ ಮೊದಲು ನಿಲ್ಲುತ್ತಾನೆ. ‘ಪ್ರಜಾಪ್ರಭುತ್ವ ನಡೆಯವು ಅಂದ್ರೆ ನನ್ನ ಕೋವಿ ಒಳಗಿರವು’ ಎಂದು, ಅಂದರೆ ಅದು ಒಳಗಿರಲೇಬೇಕು ಎಂದು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾನೆ. ನನ್ನ ಏರ್‌ಗನ್ ಹೊರಗಿದ್ದರೂ ಪ್ರಜಾಪ್ರಭುತ್ವ ನಿರಾತಂಕವಾಗಿ ನಡೆದುಬಿಡುತ್ತದೆ ಎಂಬುದು ನನಗೆ ಸಹಿಸಲಾಗದ ಅವಮಾನವಾಗಿತ್ತು.

ಕಳೆದ ಚುನಾವಣೆಗೆ ನಾನೂ ಹೊರಟೆ.

‘ತಮ್ಮಾ, ಅದು ಆಟದ ಸಾಮಾನು ಮಾರಾಯ. ತಗಂಡು ಪೊಲೀಸರು ಎಂತ ಮಾಡವು?’ ಎಂದ ಮಾಬ್ಲಣ್ಣ.

ಹೆಂಡತಿಯ ಚಿಂತೆ ಬೇರೆ. ‘ಅದನ್ನ ಅಲ್ಲಿಟ್ಟಿಕ್ಕೆ ಬಂದ್ರೆ ಮಂಗನ್ನ ಓಡ್ಸದು ಯಾರು? ಒಂದು ಗೊನೆ ಹೋದ್ರೂ ನಾನು ಸುಮ್ನಿರ್ತ್ನಿಲ್ಲೆ.’

ಕಾನೂನಿಗೆ ತಲೆಬಾಗುವುದು ನಾಗರಿಕನ ಕರ್ತವ್ಯ ಎಂದು ಉತ್ತರಿಸಿ, ಏರ್‌ಗನ್ನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಜೊತೆಗೆ, ಯಾರೂ ಕೇಳದಿದ್ದರೂ, ಒಂದು ಅರ್ಜಿ ಬರೆದುಕೊಂಡಿದ್ದೆ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನು ಬರಿಗೈಯಲ್ಲಿ ಕಚೇರಿಯ ಮೆಟ್ಟಿಲು ಹತ್ತಲಾರ. ‘ನನ್ನ ಸ್ವಾಧೀನದಲ್ಲಿರುವ ಮಾರಕಾಯುಧವನ್ನು ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ ಸ್ವಇಚ್ಛೆಯಿಂದ ಒಪ್ಪಿಸುತ್ತಿದ್ದೇನೆ’ ಎಂಬುದು ಅದರ ಮುಖ್ಯ ವಾಕ್ಯ. ಬರೆದಾಗ ನನಗೇ ರೋಮಾಂಚನವಾಗಿತ್ತು.

ಠಾಣೆಯಲ್ಲಿ ಹಾವೇರಿ ಕಡೆಯ ಹೆಡ್ ಕಾನ್‌ಸ್ಟೇಬಲ್ ಕುಳಿತಿದ್ದರು. ಬೆಡ್‌ಶೀಟ್ ಬಿಚ್ಚಿ ನೋಡಿದರು.

‘ಲೈಸನ್ಸ್ ನಂಬರ್ ಹೇಳ್ರಿ ಸರ.’

‘ಇದಕ್ಕೆ ಲೈಸನ್ಸ್ ಬೇಡವಂತೆ.’

‘ಹಂಗಾರ ಇದು ಬಂದೂಕಲ್ಲ.’

‘ಮತ್ತೇನು?’

‘ಬಂದೂಕಲ್ಲದ್ದು. ಮನಿಗೆ ಒಯ್ರಿ.’

ನಾನು ಪಟ್ಟು ಬಿಡಲಿಲ್ಲ. ಅಷ್ಟರಲ್ಲಿ ಮಂಚಿಕೇರಿ ಹತ್ತಿರ ಹೋಂಸ್ಟೇ ನಡೆಸುವ ಒಬ್ಬ ಯುವಕನನ್ನು ಚೆಕ್‌ಪೋಸ್ಟಿನಿಂದ ಕರೆತಂದರು. ಅವನ ಜೀಪಿನಲ್ಲಿ ಎಂಟು ಪೇಂಟ್‌ಬಾಲ್ ಬಂದೂಕು. ಕಪ್ಪಗೆ, ಮೈತುಂಬ ಕೊಳವೆ, ಗಡಿಯಲ್ಲಿ ನಿಲ್ಲಿಸಿದರೆ ಶತ್ರು ಸಂಧಾನಕ್ಕೆ ಬರುವಂಥವು. ‘ಇದು ಬಂದೂಕಲ್ಲ ಸರ್, ಬಣ್ಣದ ಗುಳಿಗೆ ಹಾರಿಸೋದು, ಪ್ರವಾಸಿಗರ ಆಟ’ ಎಂದು ಅವನು ಕೈಮುಗಿಯುತ್ತಿದ್ದ. ಪಕ್ಕದಲ್ಲಿ ನಾನು, ‘ಇದು ಬಂದೂಕೇ’ ಎಂದು ಕೈಮುಗಿಯುತ್ತಿದ್ದೆ. ಹೆಡ್ ಕಾನ್‌ಸ್ಟೇಬಲ್ ಇಬ್ಬರನ್ನೂ ನೋಡಿ, ತಮ್ಮ ವರ್ಗಾವಣೆಯ ಅರ್ಜಿಯನ್ನು ನೆನೆಸಿಕೊಂಡವರಂತೆ ನಿಟ್ಟುಸಿರಿಟ್ಟರು. ಯುವಕ ಸಾಬೀತುಪಡಿಸಲು ಹೋಗಿ ಕಾಂಪೌಂಡ್ ಗೋಡೆಗೊಂದು ಗುಲಾಬಿ ಗುಳಿಗೆ ಹಾರಿಸಿದ. ಗೋಡೆ ತೊಳೆಸಿಕೊಂಡು ಅವನನ್ನು ಬಿಟ್ಟರು. ನನ್ನಿಂದ ಬಿಡಿಸಿಕೊಳ್ಳಲು ಅರ್ಜಿ ತೆಗೆದುಕೊಂಡು, ಒಂದು ಚೀಟಿಯಲ್ಲಿ ‘ಉದ್ದನೆಯ ವಸ್ತು ಒಂದು’ ಎಂದು ಬರೆದುಕೊಟ್ಟು, ಏರ್‌ಗನ್ನನ್ನು ಛತ್ರಿಗಳ ಮೂಲೆಗೆ ಒರಗಿಸಿದರು.

ಬಸ್ಸಿನಲ್ಲಿ ಮರಳುವಾಗ ನನಗೆ ಜ್ಞಾನೋದಯವಾಯಿತು. ಏರ್‌ಗನ್ನಿಗೂ ಪೇಂಟ್‌ಬಾಲಿಗೂ ಕೋವಿಯಿಂದ ಬೇರೆಯೇ ಆದ ಒಂದು ಲೈಸನ್ಸ್ ಬೇಕು. ವಿರೋಧಿಸುವವರು, ಮಂಗ ಓಡಿಸುವ ಬಡಪಾಯಿಗಳನ್ನು ಯಾಕೆ ಅಲೆದಾಡಿಸುತ್ತೀರಿ ಎನ್ನುತ್ತಾರೆ. ಬಡಪಾಯಿಗೆ ಅಲೆದಾಟವೇ ಗೌರವ ಎಂಬುದು ಅವರಿಗೆ ತಿಳಿಯದು. ಬೆಂಬಲಿಸುವವರು, ಅದರಿಂದಲೂ ಕಣ್ಣು ಹೋಗುತ್ತದೆ ಎನ್ನುತ್ತಾರೆ. ಅದು ನಿಜ, ಅದಕ್ಕಾಗಿಯೇ ನಾಲ್ಕು ಜನ ಗಂಭೀರರು ಕೂತು ಯೋಚಿಸಲಿ. ನನ್ನ ಬೇಡಿಕೆ ಚಿಕ್ಕದು: ಒಂದು ಹಸಿರು ಪುಸ್ತಕ, ಅದರಲ್ಲಿ ಮೀಸೆ ಕಾಣುವ ಫೋಟೊ, ಕೆಳಗೊಂದು ಗುಂಡು ಮೊಹರು. ಯಾರನ್ನೂ ಹೊಡೆಯಲಾರದವರಿಗೂ ಸರ್ಕಾರ ಸ್ವಲ್ಪ ಹೆದರಿದಂತೆ ಮಾಡಿದರೆ ಅದರ ಗಂಟೇನು ಹೋಗುತ್ತದೆ?

ಗಂಟು ಹೋದದ್ದು ನನ್ನದು. ಮೊದಲ ವಾರ ಕೋಲು ಹಿಡಿದು ನಿಂತೆ. ಮಂಗಗಳು ಕೋಲನ್ನು ನೋಡಿದವು, ನನ್ನನ್ನು ನೋಡಿದವು, ಒಂದು ಗೊನೆ ಮುಗಿಸಿದವು. ಎರಡನೇ ವಾರ ಇನ್ನೆರಡು. ಮೂರನೆಯದು ಹೋದ ದಿನ ಹೆಂಡತಿ ಊಟಕ್ಕೆ ಬಡಿಸಿ, ‘ಸಾರ್ವಜನಿಕ ಶಾಂತಿ ಹೆಂಗಿದ್ದು?’ ಎಂದಳು. ಮನೆಯ ಶಾಂತಿಯ ವಿಷಯ ನಾನು ಎತ್ತಲಿಲ್ಲ. ಉಳಿದದ್ದು ಎರಡೇ ಗೊನೆ.

ಮತ ಎಣಿಕೆ ಮುಗಿದದ್ದೇ ಠಾಣೆಗೆ ಓಡಿದೆ. ಮಾಬ್ಲಣ್ಣ ಆಗಲೇ ತನ್ನ ಕೋವಿ ಪಡೆದು ಬೆಂಚಿನ ಮೇಲೆ ಕುಳಿತಿದ್ದ. ಹೆಡ್ ಕಾನ್‌ಸ್ಟೇಬಲ್ ನನ್ನ ಅರ್ಜಿ ತೆಗೆದು ನಿಧಾನವಾಗಿ ಓದಿದರು.

‘ಮಾರಕಾಯುಧ ಅಂತ ನೀವ ಬರದೀರಿ. ಸಹಿನೂ ನಿಮ್ದ. ಇದು ಆಯುಧ ಆದ್ರ ಲೈಸನ್ಸ್ ತೋರ್ಸ್ರಿ. ಇಲ್ಲಾಂದ್ರ ಕೇಸು.’

‘ಆಯುಧ ಅಲ್ಲದಿದ್ದರೆ?’

‘ಅಲ್ಲ ಅಂತ ಬರ್ಕೊಟ್ಟು ಒಯ್ರಿ. ಒಬ್ರು ಸಾಕ್ಷಿ ಬೇಕು.’

ನನ್ನ ಅಕ್ಷರ ಅಷ್ಟು ದುಂಡಗೆ ಎಂದೂ ಬಂದಿರಲಿಲ್ಲ. ‘ಸದರಿ ವಸ್ತುವು ಕೇವಲ ಆಟಿಕೆಯಾಗಿದ್ದು, ಹಿಂದಿನ ಅರ್ಜಿಯಲ್ಲಿನ ವಿವರಣೆಯು ಅರ್ಜಿದಾರನ ಉತ್ಸಾಹದಿಂದಾದ ಪ್ರಮಾದವೆಂದೂ, ಇದರಿಂದ ಈವರೆಗೆ ಯಾರಿಗೂ ಯಾವ ಭಯವೂ ಉಂಟಾಗಿಲ್ಲವೆಂದೂ’ ಬರೆದೆ. ಹೆಡ್ ಕಾನ್‌ಸ್ಟೇಬಲ್ ನೋಡಿ ತಲೆಯಾಡಿಸಿದರು.

‘ಚಲೋ ಐತಿ. ಅರ್ಜಿದಾರರಿಂದನೂ ಯಾರಿಗೂ ಏನೂ ಭಯ ಇಲ್ಲ ಅಂತ ಒಂದ್ ಸಾಲು ಸೇರಿಸ್ರಿ. ಪೂರ್ತಿ ಆಗತೈತಿ.’

ಇಷ್ಟು ವರ್ಷದ ನೆರೆಯವನು, ಇಲ್ಲಿಯಾದರೂ ಒಂದು ತಕರಾರು ತೆಗೆದಾನು ಎಂದು ಮಾಬ್ಲಣ್ಣನ ಕಡೆ ನೋಡಿದೆ. ನಾನು ಆ ಸಾಲು ಬರೆಯುವ ಮೊದಲೇ ಅವನು ಪೆನ್ನು ಕಿತ್ತುಕೊಂಡು, ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಬಿಟ್ಟ.