ಅರ್ಜಿಯಲ್ಲಿ ನಾನು ರಾಜನಾದದ್ದು

ನನ್ನ ಬಗ್ಗೆ ನಾನೇ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದರೆ ನನಗೆ ಇಂದಿಗೂ ಬೆವರು ಬರುತ್ತದೆ. ಬೇರೆಯವರು ಹೊಗಳಿದರೆ ಅಷ್ಟು ಸಂಕೋಚವಿಲ್ಲ; ಆದರೆ ಅವರು ಹೊಗಳುವುದಿಲ್ಲವಲ್ಲ! ಈ ಬೆವರು ಮೊದಲು ಬಂದದ್ದು ನಾವಿನ್ನೂ ಮುಂಬಯಿ ರಾಜ್ಯದವರಾಗಿದ್ದಾಗ, ಇಂಟರ್ ಮುಗಿಸಿ ಧಾರವಾಡದ ಕಾಲೇಜೊಂದಕ್ಕೆ ವರ್ಗವಾಗಲು ಅರ್ಜಿ ತುಂಬುವಾಗ. ನಾನಿದ್ದ ಕಾಲೇಜಿನಲ್ಲಿ ಮುಂದೆ ಗಣಿತ ಇರಲಿಲ್ಲ. ಧಾರವಾಡದಲ್ಲಿ ಸೀಟು ಸಿಗದಿದ್ದರೆ ಬನಹಟ್ಟಿಯ ನಮ್ಮ ಮನೆಯ ಮಗ್ಗವೇ ಗತಿ. ಮಗ್ಗದ ಮೇಲೆ ನನಗೇನೂ ಸಿಟ್ಟಿರಲಿಲ್ಲ; ಮಗ್ಗಕ್ಕೇ ನನ್ನ ಮೇಲೆ ಸಿಟ್ಟು. ನಾನು ಕೂತರೆ ಸಾಕು, ಎಳೆಗಳು ಪಟಪಟನೆ ಹರಿಯುತ್ತಿದ್ದವು.

ಹೆಸರು, ಊರು, ಅಂಕಗಳನ್ನೆಲ್ಲ ಸಲೀಸಾಗಿ ತುಂಬಿದೆ. ‘ಓದಿನ ಹೊರತಾದ ಚಟುವಟಿಕೆಗಳು’ ಎಂಬಲ್ಲಿ ಪೆನ್ನು ನಿಂತಿತು.

ಅಪ್ಪ ಮಗ್ಗದಿಂದಲೇ ಕೇಳಿದ, “ಏನ್ ಕೇಳ್ಯಾರೋ?”

“ಓದೋದು ಬಿಟ್ಟು ಬ್ಯಾರೆ ಏನೇನ್ ಮಾಡ್ತಿ ಅಂತ.”

“ನೂಲು ಸುತ್ತತೇನಿ ಅಂತ ಬರಿ. ಖರೆ ಐತಿ.”

ಅವ್ವನಿಗೆ ಅದು ಸರಿಬರಲಿಲ್ಲ. “ಅದೇನ್ ಛಂದ ಕಾಣತೈತಿ? ನಾಟಕದಾಗ ಇದ್ದಿಲ್ಲೇನ, ಅದನ್ನ ಬರಿ.”

ಇದ್ದೆ, ನಿಜ. ನಮ್ಮ ಓಣಿಯ ನೇಕಾರರು ವರ್ಷವೂ ಒಂದೇ ರಾಜನ ನಾಟಕ ಆಡುತ್ತಿದ್ದರು. ನಾನು ಪರದೆಯ ಹಿಂದೆ ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುತ್ತಿದ್ದೆ. ‘ನಾಟಕದಲ್ಲಿ ಭಾಗವಹಿಸಿದ್ದೇನೆ’ ಎಂದು ಬರೆದೆ. ಸಾಲು ಬಡಕಲಾಗಿ ಕಂಡಿತು. ‘ರಾಜನ ಪಾತ್ರ’ ಎಂದು ಸೇರಿಸಿದೆ.

ಹದಿನೈದು ದಿನಕ್ಕೆ ಸಂದರ್ಶನ. ರುಮಾಲು ಸುತ್ತಿದ ಪ್ರಿನ್ಸಿಪಾಲರು ಅರ್ಜಿ ನೋಡಿ ನಕ್ಕರು. “ರಾಜಾ ಆಗಿದ್ದೇನಪಾ? ಒಂದೆರಡು ಮಾತು ಹೇಳು, ಕೇಳೂಣು.”

ಎದ್ದು ನಿಂತೆ. ಮಾತು ಒಂದೂ ತಪ್ಪದೆ ಬಂದವು, ಆದರೆ ಪಿಸುದನಿಯಲ್ಲಿ.

“ಗಟ್ಟಿಯಾಗಿ ಹೇಳೋ ತಮ್ಮಾ, ರಾಜಾ ಇದ್ದಿ!”

ದನಿ ಏರಿಸಿದೆ, ಮಾತೇ ಮಾಯವಾಯಿತು. ಇಳಿಸಿದೆ, ಮತ್ತೆ ಬಂತು. ರಾಜನ ಮಾತು ಮುಗಿದದ್ದೇ ಮಂತ್ರಿಯ ಉತ್ತರವನ್ನೂ, ರಾಣಿಯ ಅಳುವನ್ನೂ ಪಿಸುಗುಟ್ಟಿ, ರೂಢಿಯಂತೆ ಕೊನೆಗೆ “ಪರದಿ ಎಳೀರಿ” ಅಂದುಬಿಟ್ಟೆ.

ಪ್ರಿನ್ಸಿಪಾಲರು ಕನ್ನಡಕ ತೆಗೆದರು. “ಖರೆ ಹೇಳು. ಎಲ್ಲಿ ನಿಂತಿದ್ದಿ?”

“ಪರದಿ ಹಿಂದರಿ.” ಸೀಟು ಹೋಯಿತೆಂದೇ ತಿಳಿದೆ.

“ಸುಳ್ಳು ಬರದದ್ದು ತಪ್ಪು. ಆದರ ಎಲ್ಲಾರ ಮಾತೂ ಬಾಯಿಪಾಠ ಮಾಡೀದಿಯಲ್ಲ, ಅದನ್ನ್ಯಾಕ ಬರೀಲಿಲ್ಲ?” ಎಂದು ‘ರಾಜನ ಪಾತ್ರ’ಕ್ಕೆ ಕೆಂಪು ಗೆರೆ ಎಳೆದು, ಪೆನ್ನು ನನ್ನ ಕೈಗೆ ಕೊಟ್ಟರು. ತಲೆ ತಗ್ಗಿಸಿ ಇದ್ದದ್ದನ್ನು ಬರೆದೆ.

ವಾರದೊಳಗೆ ಸೀಟು ಸಿಕ್ಕ ಕಾಗದ ಬಂತು. ಸಂಜೆ ಕಟ್ಟೆಯ ಮೇಲೆ ಅಪ್ಪ ನಾಲ್ಕು ಮಂದಿಗೆ ಹೇಳುತ್ತಿದ್ದ: “ದೊಡ್ಡ ಸಾಹೇಬರ ಮುಂದ ರಾಜನ ಪಾರ್ಟ್ ಮಾಡಿ ತೋರಿಸಿ ಸೀಟು ತಗೊಂಡ ನೋಡ್ರಿ ನಮ್ಮ ಹುಡುಗ!” ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಲರೂ ನನ್ನತ್ತ ಮೆಚ್ಚುಗೆಯಿಂದ ತಿರುಗಿದರು. ನಾನು ನೆಲ ನೋಡುತ್ತ, ದೊಡ್ಡ ವಿನಯವಂತನಂತೆ ಸುಮ್ಮನೆ ನಿಂತೆ. ಆ ಪಾತ್ರವನ್ನು ಮಾತ್ರ, ನಾನೇ ಹೇಳಬಾರದು, ಬಹಳ ಚೆನ್ನಾಗಿ ಮಾಡಿದೆ.