ತಾಯಿಯ ತೋಳಿನ ಅಳತೆ

ಮಿಸಿಸಿಪಿಯ ಪರ್ಲ್ ಬೆಂಡ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅಡ್ಡಗೋಡೆಯ ಹುಡುಗರನ್ನು ಆರಿಸುವ ಅಧಿಕಾರವು ದೇಹಲಕ್ಷಣ ಪರಿಶೀಲನಾ ಸಮಿತಿಗೆ ಮಾತ್ರ ಇರತಕ್ಕದ್ದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಅಡ್ಡಗೋಡೆ ಎಂದರೆ ಚೆಂಡು ಎಸೆಯುವವನ ಮುಂದೆ ನಿಂತು, ಅವನ ಮೇಲೆ ಎರಗಿ ಬರುವವರನ್ನು ತಡೆಯುವ ಐವರು ದಢೂತಿಗಳು. ಹಿಂದಿನ ವರ್ಷ ಅವರು ಯಾರನ್ನೂ ತಡೆದಿರಲಿಲ್ಲ.

ಸಮಿತಿಯ ಅಧ್ಯಕ್ಷ ಡಾಕ್ಟರ್ ಪ್ರೆಂಟಿಸ್ ಕಾಬ್ ಒಂದು ಪಂದ್ಯವನ್ನೂ ನೋಡಿದವರಲ್ಲ. ನೋಡಿದರೆ ನಿಷ್ಪಕ್ಷಪಾತಕ್ಕೆ ಧಕ್ಕೆಯಾಗುತ್ತದೆಂದೇ ಅವರನ್ನು ನೇಮಿಸಲಾಗಿತ್ತು.

ಅಡ್ಡಗೋಡೆಯ ಕೋಚ್ ರಾಯ್ಸ್ ಟಿಲರಿಗೆ ಈ ವರ್ಷ ಒಳ್ಳೆಯ ಹುಡುಗ ಸಿಗದಿದ್ದರೆ ಕೆಲಸ ಹೋಗುವುದು ಖಚಿತವಿತ್ತು. ಅವನ ಕಣ್ಣು ಹೈಸ್ಕೂಲು ತಂಡದಲ್ಲಿ ಆಡುತ್ತಿದ್ದ ಡೆವಿಟ್ ಲ್ಯಾಂಗ್‌ಸ್ಟನ್ ಮೇಲಿತ್ತು. ಕಾಲೇಜು ತಪ್ಪಿದರೆ ಡೆವಿಟ್‌ಗೆ ಕೋಳಿ ಕಾರ್ಖಾನೆಯೇ ಗತಿ. ಹೀಗಾಗಿ ಭಾನುವಾರ ರಾಯ್ಸ್ ಕಾಬ್ ಸಾಹೇಬರನ್ನು ಹುಡುಗನ ಮನೆಗೆ ಕರೆತಂದ.

ಅಡುಗೆಮನೆಯಲ್ಲಿ ತಾಯಿ ಅರ್ಲೀನ್ ಮೀನು ಕರಿಯುತ್ತಿದ್ದಳು. ಸಾಹೇಬರು ಹುಡುಗನ ಮಣಿಕಟ್ಟು ಹಿಡಿದು ನೋಡಿದರು. ಹಿಂದೆ ಬಂದು ನಿಂತು, “ಪೃಷ್ಠಭಾಗ ತೃಪ್ತಿಕರ,” ಎಂದು ಘೋಷಿಸಿದರು. ಆಮೇಲೆ ತೋಳಿಗೆ ಟೇಪು ಹಿಡಿದರು.

“ಅರ್ಧ ಇಂಚು ಕಮ್ಮಿ ಇದೆ. ಆಗಲ್ಲ.”

“ಸರ್, ಎರಡು ವರ್ಷದಿಂದ ಇವನನ್ನ ದಾಟಿ ಒಬ್ಬನೂ ಹೋಗಿಲ್ಲ,” ಅಂದ ರಾಯ್ಸ್.

“ಅದು ಸಾಮರ್ಥ್ಯ ಕಣ್ರೀ. ನಮಗೆ ಬೇಕಾಗಿರೋದು ಲಕ್ಷಣ.”

“ಎಳೆದ್ರೆ ಉದ್ದ ಆಗತ್ತಾ, ಕೋಚ್?” ಡೆವಿಟ್ ಕೇಳಿದ.

ಸಾಹೇಬರು ಹೊರಟರು. ಅರ್ಲೀನ್ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಹೋರಿ ನೋಡಿದ ಹಾಗೆ ನನ್ನ ಮಗನ್ನ ಹಿಂದೆ ಮುಂದೆ ನೋಡಿದ್ರಿ, ಆಯ್ತು. ಊಟ ಮಾಡ್ದೆ ಹೋಗೋ ಹಾಗಿಲ್ಲ.”

ಸಾಹೇಬರು ಎಡಕ್ಕೆ ಸರಿದರು. ಅಲ್ಲಿ ಅರ್ಲೀನ್ ಇದ್ದಳು. ಬಲಕ್ಕೆ ಹಾರಿದರು. ಅಲ್ಲೂ ಇದ್ದಳು. ಬಗ್ಗಿ ನುಸುಳಲು ನೋಡಿದಾಗ ಅವಳು ಬರೀ ಕೈ ಚಾಚಿದಳು. ಸಾಹೇಬರು ಬಂದು ಕುರ್ಚಿಯ ಮೇಲೆ ಬಿದ್ದರು. ಸಿಟ್ಟಾಗಲಿಲ್ಲ. ಮೆಲ್ಲಗೆ ಟೇಪು ಹೊರತೆಗೆದರು.

“ಮೇಡಂ, ಇನ್ನೊಂದ್ಸಲ ಕೈ ಚಾಚ್ತೀರಾ?”

“ಯಾಕೆ?”

“ಕಾಲೇಜಿನ ಹಿತದೃಷ್ಟಿಯಿಂದ.”

ಅಳತೆ ನೋಡಿದ ಸಾಹೇಬರ ಕಣ್ಣು ತೇವವಾಯಿತು. ಮೀನನ್ನು ಎರಡೆರಡು ಸಲ ಹಾಕಿಸಿಕೊಂಡು, ಎಲ್ಲರೂ ತಿನ್ನುತ್ತಿರುವಾಗಲೇ ನಿಯಮ ತಿದ್ದಿದರು: ಅಭ್ಯರ್ಥಿಯ ತೋಳು ಸಾಲದೆ ಬಂದಲ್ಲಿ ತಾಯಿಯ ತೋಳನ್ನು ಸೇರಿಸಿ ಸರಾಸರಿ ತೆಗೆಯತಕ್ಕದ್ದು.

“ನಿಮ್ಮ ಕೈ ದೊಡ್ಡದು, ತಾಯಿ,” ಅಂದ ರಾಯ್ಸ್. ಅವನು ಹೇಳಿದ್ದು ಬಡಿಸಿದ ಮೀನಿನ ಬಗ್ಗೆಯೂ ಆಗಿತ್ತು.

ಆ ಋತುವಿನಲ್ಲಿ ಡೆವಿಟ್‌ನನ್ನು ದಾಟಿ ಯಾರೂ ಹೋಗಲಿಲ್ಲ. ಕೀರ್ತಿಯೆಲ್ಲ ತಾಯಿಯ ತೋಳಿಗೆ ಸಂದಿತು. ಮಗನನ್ನು ಅಳೆಯುವುದು ವೃಥಾ ಕಾಲಹರಣವೆಂದು ಮಂಡಳಿ ಒಪ್ಪಿತು. ಹುಡುಗರ ಯೋಗ್ಯತೆ ಅಳೆದು ಒಂದರಿಂದ ಐದು ನಕ್ಷತ್ರ ಕೊಡುತ್ತಿದ್ದ ಪತ್ರಿಕೆಗಳು ಈಗ ತಾಯಂದಿರಿಗೆ ಕೊಡತೊಡಗಿದವು. ಅಲಬಾಮಾದ ಐದು ನಕ್ಷತ್ರದ ತಾಯಿಯೊಬ್ಬಳು ಕಡೇ ಗಳಿಗೆಯಲ್ಲಿ ಮನಸ್ಸು ಬದಲಿಸಿ ಬೇರೆ ಕಾಲೇಜಿಗೆ ಒಲಿದಾಗ ಪರ್ಲ್ ಬೆಂಡಿನಲ್ಲಿ ಗಂಡಸರು ಬಹಿರಂಗವಾಗಿ ಅತ್ತರು.

ರಾಯ್ಸ್‌ಗೆ ಮೊದಮೊದಲು ಇರುಸುಮುರುಸಾಗುತ್ತಿತ್ತು. ಬಡ್ತಿ ಬಂದ ಮೇಲೆ ಅದೂ ಹೋಯಿತು. ಮೊನ್ನೆ ಊರೊಂದರಲ್ಲಿ ಹುಡುಕಾಟ ಮುಗಿಸಿ ಬಂದ ಅವನು ಸಮಿತಿಯ ಮುಂದೆ ನಿಂತು ವರದಿ ಒಪ್ಪಿಸಿದ:

“ಭುಜ ಅಗಲ, ಪಾದ ಚುರುಕು, ಕೈ ಅಮೋಘ. ಇವರಿಗೆ ಮಗನೊಬ್ಬ ಇರಬಹುದು ಅಂತ ಪಕ್ಕದ ಮನೆಯವರು ಹೇಳ್ತಾರೆ ಸರ್.”

ಸಮಿತಿ ಸರ್ವಾನುಮತದಿಂದ ಹುಡುಗನನ್ನು ಸೇರಿಸಿಕೊಂಡಿತು.