ಮಾವನ ಮನೆಯ ಓಮದ ಘಮಲು

ನಮ್ಮ ಸೋದರಮಾವನನ್ನು ಸಂತೆಯಲ್ಲಿ ಕಣ್ಣು ಮುಚ್ಚಿಕೊಂಡು ಹುಡುಕಬಹುದಿತ್ತು. ಓಮದ ವಾಸನೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಕೈ ಚಾಚಿದರೆ ಅವರ ಕೋಟಿನ ತೋಳೇ ಸಿಗುತ್ತಿತ್ತು. ಅವರಿಗೆ ಜ್ವರ ಬಂದರೆ ಜ್ವರಕ್ಕೂ ಓಮದ ವಾಸನೆ ಎನ್ನುತ್ತಿದ್ದರು ಅತ್ತೆ. ಇದು ಉತ್ಪ್ರೇಕ್ಷೆ ಎನ್ನುವವರು ಆ ಮನೆಯಲ್ಲಿ ಒಂದು ದಿನವೂ ಉಳಿದವರಲ್ಲ!

ಮಾವ ಅಕ್ಕಿಹೆಬ್ಬಾಳಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ತಂದು ಸಾಕಿದ್ದರು. ಅರವತ್ತರ ದಶಕದ ಆರಂಭವಿರಬೇಕು. ಸೀಮೆಯ ಥೈಮ್ ಗಿಡದ ಎಣ್ಣೆಗೆ ಬೂಷ್ಟನ್ನೂ ಕ್ರಿಮಿಗಳನ್ನೂ ಕೊಲ್ಲುವ ಶಕ್ತಿಯಿದೆ ಎಂದು ಮಾವ ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಓದಿದರು. ಅದರಲ್ಲಿರುವ ಥೈಮಾಲ್ ಎಂಬ ವಸ್ತು ನಮ್ಮ ಓಮದಲ್ಲೂ ಧಾರಾಳವಾಗಿದೆ ಎಂದು ಮುಂದಿನ ಪುಟದಲ್ಲಿತ್ತು. ಆ ಪುಟವೊಂದು ಹರಿದುಹೋಗಿದ್ದರೆ ನಮ್ಮ ಸ್ನಾನದ ಹಂಡೆ ಉಳಿಯುತ್ತಿತ್ತು.

ಹಂಡೆಗೆ ಓಮ ಸುರಿದು, ನೀರು ಹಾಕಿ, ಬಾಯಿಗೆ ಮಡಕೆ ಕವುಚಿ, ಸಂದಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆ ಸಿಕ್ಕಿಸಿ, ಎಣ್ಣೆ ಇಳಿಸಲು ಹಿತ್ತಲಲ್ಲಿ ಉರಿ ಹಾಕಿದರು. ಅದು ಪಾನನಿರೋಧದ ಕಾಲ. ಸಂಜೆಗೆ ಗದ್ದೆ ಕೆಲಸ ಮುಗಿಸಿದ ಇಬ್ಬರು ಲೋಟ ಹಿಡಿದು ಬೇಲಿಯ ಪಕ್ಕ ನಿಂತಿದ್ದರು.

"ಮೇಷ್ಟ್ರೇ, ನಮ್ಗೂ ಒಸಿ ಬುಡಿ. ಯಾರ್ಗೂ ಯೋಳಕ್ಕಿಲ್ಲ."

ಮಾವ ಸಂತೋಷದಿಂದ ನೀರಿಗೆ ಎಣ್ಣೆಯ ಹನಿ ಬಿಟ್ಟು ಕುಡಿಸಿದರು. ಸ್ವಲ್ಪ ಹೊತ್ತು ಕಾದು ಒಬ್ಬ ಇನ್ನೊಬ್ಬನಿಗೆ ಹೇಳಿದ: "ಅಮಲು ಏರ್ಲಿಲ್ಲ ಕಣ್ಲಾ, ಒಟ್ಟೆ ಅಸೀತಾ ಅದೆ ಅಷ್ಟೆ." ಇಬ್ಬರಿಗೂ ಅತ್ತೆಯೇ ಮುದ್ದೆ ಬಡಿಸಬೇಕಾಯಿತು.

ಥೈಮಾಲಿಗೆ ಕಾರ್ವಕ್ರಾಲ್ ಎಂಬ ಸೋದರನೂ ಇದ್ದನಂತೆ. ಎರಡರಲ್ಲೂ ಇರುವುದು ಅವೇ ಪರಮಾಣುಗಳು, ಅಷ್ಟೇ ಪರಮಾಣುಗಳು. ಮಾವ ಅದನ್ನು ಒಲೆ ಮುಂದಿದ್ದ ಅತ್ತೆಗೆ ಬಿಡಿಸಿ ಹೇಳುತ್ತಿದ್ದರು: "ಅಣ್ತಮ್ಮಂದ್ರು ಅಂತಿಟ್ಕೊ. ಅದೇ ಮನೆ, ಅದೇ ಜಗಲಿ. ಒಬ್ಬ ಕಂಬದ ಈಚೆ ಕೂತವ್ನೆ, ಇನ್ನೊಬ್ಬ ಆಚೆ ಕೂತವ್ನೆ. ಅಷ್ಟಕ್ಕೇ ಗುಣ ಬ್ಯಾರೆ ಆಗೋಯ್ತದೆ."

"ಎಲ್ಲಾದ್ರೂ ಕೂತ್ಕಳ್ಳಿ," ಅತ್ತೆ ತಲೆ ಎತ್ತುತ್ತಿರಲಿಲ್ಲ, "ಇಬ್ರೂ ನನ್ನ ಅಡ್ಗೆಮನೆಗೆ ಬರ್ದೆ ಇದ್ರೆ ಸಾಕು."

ಬರದೇ ಇರುತ್ತಾರೆಯೇ? ಅಡುಗೆಮನೆಯ ಅಟ್ಟದ ಮೇಲೆ ಎರಡು ಅಕ್ಕಿರೊಟ್ಟಿಗಳು ಮಲಗಿದವು. ಒಂದಕ್ಕೆ ಓಮದ ಎಣ್ಣೆ ಸವರಿತ್ತು, ಇನ್ನೊಂದಕ್ಕೆ ಇರಲಿಲ್ಲ. ಅವನ್ನು ಮುಟ್ಟಿದವರ ಕೈ ಮುರಿಯುತ್ತೇನೆ ಎಂದು ಮಾವ ಸಾರಿದ್ದರು.

ಅಂಥ ದಿನಗಳಲ್ಲೇ ಪಾಂಡವಪುರದ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಹುಡುಗ ನನಗೆ ಬಾಗಿಲ ಸಂದಿಯಲ್ಲೇ ಹಿಡಿಸಿಬಿಟ್ಟಿದ್ದ. ಅವನ ತಾಯಿ ಹೊಸಿಲು ದಾಟಿದವರೇ ಮೂಗು ಅರಳಿಸಿದರು.

"ಓಮದ ಗಮಲು ಒಡೀತಾ ಅದಲ್ಲ. ಬಾಣಂತಿ ಯಾರವ್ವ ಮನೇಲಿ?"

ನಮ್ಮ ಕಡೆ ಮನೆ ತುಂಬ ಓಮದ ವಾಸನೆ ಎಂದರೆ ಅಲ್ಲೊಬ್ಬ ಬಾಣಂತಿ ಇರಲೇಬೇಕು. "ಯಾರೂ ಇಲ್ಲ ಕಣವ್ವ" ಎಂದು ಅತ್ತೆ ತಡವರಿಸಿದರು. ಮನೆಯಲ್ಲಿದ್ದ ಹೆಂಗಸರೋ ಇಬ್ಬರೇ: ಮಕ್ಕಳಿಲ್ಲದ ಅತ್ತೆ, ಮದುವೆಯಾಗದ ನಾನು! ಆ ತಾಯಿ ಒಮ್ಮೆ ನನ್ನನ್ನು, ಒಮ್ಮೆ ಒಳಕೋಣೆಯ ಬಾಗಿಲನ್ನು ನೋಡಿದರು. ಸಂಬಂಧ ಮುರಿದೇ ಹೋಯಿತೆಂದು ನಾನು ಉಪ್ಪಿಟ್ಟಿನ ತಟ್ಟೆಯನ್ನು ವಾಪಸ್ ಒಳಗೆ ಒಯ್ಯಲು ತಿರುಗಿದೆ.

ಮಾವನಿಗೆ ಕೇಳಿಸಿದ್ದು ಮಾತ್ರ ಓಮ ಎಂಬುದೊಂದೇ. ಸರಸರನೆ ಹೋಗಿ ಆ ರೊಟ್ಟಿಗಳನ್ನು ತಂದು ಗಂಡಿನ ತಂದೆಯ ಮುಂದಿಟ್ಟರು. ಒಂದಕ್ಕೆ ಹಸಿರು ಗಡ್ಡ ಬೆಳೆದಿತ್ತು.

"ಎರಡೂ ಒಂದೇ ದಿನ ಸುಟ್ಟಿದ್ದು ಗೌಡ್ರೆ. ಇದ್ಕೆ ಎಣ್ಣೆ ಇಲ್ಲ, ಇದ್ಕೆ ಅದೆ."

ಹೆಣ್ಣು ನೋಡಲು ಬಂದವರಿಗೆ ಬೂಷ್ಟು ಹಿಡಿದ ರೊಟ್ಟಿ ತೋರಿಸಿದವರು ಇನ್ನಾರಾದರೂ ಉಂಟೆ? ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಹುಡುಗನ ತಂದೆ ಆಲೆಮನೆ ಇಟ್ಟಿದ್ದವರು, ಮಳೆಗಾಲದಲ್ಲಿ ಬೆಲ್ಲ ಕೆಡುವ ಸಂಕಟ ಉಂಡವರು. ಗಡ್ಡವಿಲ್ಲದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆಲ್ಲಕ್ಕೂ ಬೂಸ್ಟು ಬರ್ದಂಗೆ ಮಾಡ್ತದಾ ಮೇಷ್ಟ್ರೆ?" ಎಂದರು. ತಾಯಿ ಅಷ್ಟಕ್ಕೆ ಬಿಡುವವರಲ್ಲ. ಕೋಣೆಗಳನ್ನೆಲ್ಲ ಇಣುಕಿ, ಹಿತ್ತಲಿಗೆ ಹೋಗಿ ಹಂಡೆಯ ಬಳಿ ಮೂಗಿಟ್ಟು ನೋಡಿ ಬಂದು, "ಬಾಣಂತಿ ಅಲ್ಲ ಕಣಿ, ಅಂಡೆ" ಎಂದು ಗಂಡನಿಗೆ ಒಪ್ಪಿಸಿದರು. ಮದುವೆ ಗೊತ್ತಾಯಿತು. ಬೆಲ್ಲದ ಪ್ರಯೋಗವೂ ನಡೆಯಿತು. ಆ ಬೆಲ್ಲಕ್ಕೆ ಬೂಷ್ಟು ಬರಲಿಲ್ಲ, ಕೊಳ್ಳುವವರೂ ಬರಲಿಲ್ಲ.

ಚೊಚ್ಚಲ ಹೆರಿಗೆಗೆ ನಾನು ಸೋದರಮಾವನ ಮನೆಗೇ ಬಂದೆ. ಹೆಣ್ಣುಮಗು ಹುಟ್ಟಿತು. ಅತ್ತೆ ನನಗೂ ಮಗುವಿಗೂ ನೀರೆರೆದು, ಕೆಂಡದ ಮೇಲೆ ಓಮ ಉದುರಿಸಿ ಹೊಗೆ ಹಾಕಿದರು. ಹೊಗೆ ಕಿಟಕಿಯಿಂದ ಬೀದಿಗೆ ಹೋಯಿತು. ಸ್ಕೂಲಿಗೆ ಹೊತ್ತಾದರೂ ಮಾವ ಜಗಲಿ ಬಿಟ್ಟು ಎದ್ದಿರಲಿಲ್ಲ.

"ಏನ್ ಮೇಷ್ಟ್ರೇ, ಇವತ್ತೂ ಎಣ್ಣೆ ಇಳಿಸ್ತಾ ಇದ್ದೀರಾ?" ದಾರಿಯಲ್ಲಿ ಹೋಗುತ್ತಿದ್ದ ಯಾರೋ ಕೇಳಿದರು.

ಇನ್ನು ಥೈಮಾಲಿನ ಪಾಠ ಶುರುವಾಗುತ್ತದೆ ಎಂದು ನಾನು ಒಳಗೆ ನಗು ತಡೆದುಕೊಂಡೆ. ಮಾವ ಗಂಟಲು ಸರಿಮಾಡಿಕೊಂಡರು.

"ಇಲ್ಲ ಕಣಪ್ಪ. ನಮ್ಮನೇಲಿ ಬಾಣಂತಿ ಅವ್ಳೆ."

ಅಷ್ಟು ವರ್ಷ ಆ ಮನೆ ಓಮದಿಂದ ಘಮಘಮಿಸಿದ್ದರೂ ಆ ಮಾತು ಹೇಳುವ ಭಾಗ್ಯ ಅವರಿಗೆ ಬಂದಿರಲಿಲ್ಲ. ಮಗುವನ್ನು ಎದೆಗವಚಿಕೊಂಡು ನಾನು ಅತ್ತುಬಿಟ್ಟೆ. ಹೊರಗೆ ಮತ್ತೊಬ್ಬ ಬಂದ. ಅವನು ಏನೂ ಕೇಳಿರಲಿಲ್ಲ. ಅವನನ್ನೂ ನಿಲ್ಲಿಸಿ ಮಾವ ಅದನ್ನೇ ಹೇಳಿದರು.